ಕಣಿವೆ ಮನೆಗೆ 4ಜಿ ರೌಟರ್, ಮಾಡಿನ ಮೇಲೆ ಆಂಟೆನಾ: ಕೆಲವು ಮಳೆಗಾಲ ಬಳಸಿದ ಮೇಲೆ

ಈ ಜೋಡಿಯಲ್ಲಿ ರೌಟರ್ ಯಾವ ಕಂಪನಿಯದ್ದಾದರೂ ನಡೆಯುತ್ತದೆ, ಮುಂದೆ ಹೇಳುವ ಒಂದೆರಡು ಸೌಲಭ್ಯ ಇದ್ದರೆ ಸಾಕು. ಆಂಟೆನಾ ಎಲ್ಲಿ ಕೂರುತ್ತದೆ, ಅದರಿಂದ ಎಂಥ ಕೇಬಲ್ ಎಷ್ಟು ಉದ್ದ ಇಳಿಯುತ್ತದೆ, ಇವೆರಡರ ಮೇಲೆ ಎಲ್ಲ ನಿಂತಿದೆ. ಅಂಗಡಿಯವರು ಮಾತ್ರ ರೌಟರ್ ಬಗ್ಗೆಯೇ ಮಾತಾಡುತ್ತಾರೆ.

ನಮ್ಮದು ಹೊಸನಗರ ತಾಲೂಕಿನಲ್ಲಿ ಅಡಿಕೆ ತೋಟದ ಮಗ್ಗುಲಿನ ಮನೆ. ಮೂರು ಕಡೆ ಗುಡ್ಡ. ಹತ್ತಿರದ ಟವರ್ ನಾಲ್ಕು ಕಿಲೋಮೀಟರ್ ಆಚೆ, ಅದೂ ಒಂದು ಗುಡ್ಡದ ಹಿಂದೆ. ಜಂಬಿಟ್ಟಿಗೆ ಗೋಡೆಯ ಒಳಗೆ ಫೋನ್ ಸತ್ತ ಹಾಗೆ ಇರುತ್ತಿತ್ತು. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದರಲ್ಲ, ನಮ್ಮ ಮನೆ ಮಕ್ಕಳೂ ಅದರಲ್ಲಿ ಸೇರಿದ್ದರು. ಫೈಬರ್ ನಮ್ಮ ಕೇರಿಗೆ ಇನ್ನೂ ಬಂದಿಲ್ಲ. ಹಾಗಾಗಿ ಈ ದಾರಿ ಹಿಡಿದೆವು.

ತಂದದ್ದು ಇಷ್ಟು: ಸಿಮ್ ಹಾಕುವ 4ಜಿ ರೌಟರ್, ಅದರ ಹಿಂದೆ ಹೊರಗಿನ ಆಂಟೆನಾಗೆ ಎರಡು ಸಾಕೆಟ್ ಇರುವಂಥದ್ದು. ಮೀನಿನ ಮುಳ್ಳಿನ ಹಾಗೆ ಕಾಣುವ ಲಾಗ್ ಪೀರಿಯಾಡಿಕ್ ಆಂಟೆನಾ ಎರಡು. ಒಂದು ಕಬ್ಬಿಣದ ಪೈಪ್. ಕೇಬಲ್. ಮಾಡಿನ ಮೇಲೆ ಇದನ್ನು ನೋಡಿ ಪಕ್ಕದ ಮನೆಯ ಮಾವ ಕೇಳಿದ್ದು, "ಏನೋ, ದೂರದರ್ಶನ ಮತ್ತೆ ಶುರು ಆಯ್ತಾ?" ಅವರು ಕೇಳಿದ್ದು ಪೂರ್ತಿ ತಮಾಷೆ ಏನಲ್ಲ. ಎರಡೂ ಒಂದೇ ಕುಲದ ಆಂಟೆನಾಗಳೇ. ಟವರ್ ಇರುವ ದಿಕ್ಕಿಗೆ ಮೂತಿ ತಿರುಗಿಸಿ ಇಡಬೇಕು, ಅಷ್ಟೇ.

ಈಗ ಲೆಕ್ಕ. ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ಮರೆತುಬಿಡಿ. ಒಂದೊಂದು ಕಂಪನಿ ಒಂದೊಂದು ರೀತಿ ತೋರಿಸುತ್ತದೆ. ರೌಟರ್ ಪೇಜ್ ತೆರೆದರೆ ಆರ್‌ಎಸ್‌ಆರ್‌ಪಿ ಅಂತ ಒಂದು ಸಂಖ್ಯೆ ಸಿಗುತ್ತದೆ, ಟವರಿನ ಸಿಗ್ನಲ್ ಎಷ್ಟು ಜೋರಾಗಿ ತಲುಪುತ್ತಿದೆ ಅನ್ನುವುದರ ಅಳತೆ, ಡಿಬಿಎಂ ಲೆಕ್ಕದಲ್ಲಿ. ಅದು ಯಾವಾಗಲೂ ಮೈನಸ್‌ನಲ್ಲಿ ಇರುತ್ತದೆ. ಮೈನಸ್ 80 ಅಂದರೆ ತುಂಬಾ ಚೆನ್ನಾಗಿದೆ. ಮೈನಸ್ 110 ದಾಟಿತು ಅಂದರೆ ಪರದಾಟ. ಮೈನಸ್ 120ರ ಹತ್ತಿರ ಸಂಪರ್ಕವೇ ಕಡಿದುಹೋಗುತ್ತದೆ. ನಮ್ಮ ಜಗಲಿಯಲ್ಲಿ ಮೈನಸ್ 118 ಇತ್ತು. ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದ ಮೇಲೆ ಮೈನಸ್ 98. ನೋಡಲು ಇಪ್ಪತ್ತರ ಅಂತರ, ಆದರೆ ಈ ಅಳತೆಯಲ್ಲಿ ಹತ್ತು ಹೆಚ್ಚಿದರೆ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಿದರೆ ನೂರು ಪಟ್ಟು. ಇದರಲ್ಲಿ ಆಂಟೆನಾದ ಪಾಲು ಸ್ವಲ್ಪವೇ. ಉಳಿದದ್ದು ಗೋಡೆಯಿಂದ ಹೊರಗೆ ಬಂದದ್ದಕ್ಕೆ ಮತ್ತು ಎತ್ತರಕ್ಕೆ ಸಲ್ಲಬೇಕು. ಪೈಪನ್ನು ಇನ್ನೂ ಎರಡು ಮೀಟರ್ ಏರಿಸಿದಾಗ ಸಿಕ್ಕಿದ ಲಾಭ, ದುಬಾರಿ ಆಂಟೆನಾ ತಂದಿದ್ದರೂ ಸಿಗುತ್ತಿರಲಿಲ್ಲ.

ಕೇಬಲ್ ವಿಷಯಕ್ಕೆ ಬರೋಣ. ಹೆಚ್ಚಿನವರ ದುಡ್ಡು ನೀರುಪಾಲಾಗುವುದು ಇಲ್ಲೇ. ಆಂಟೆನಾ ಜೊತೆ ಸಾಮಾನ್ಯವಾಗಿ ಆರ್‌ಜಿ-58 ಅನ್ನುವ ತೆಳ್ಳನೆಯ ಕೇಬಲ್ ಕೊಡುತ್ತಾರೆ. 4ಜಿ ಬರುವ 1800 ಮೆಗಾಹರ್ಟ್ಸ್‌ನಲ್ಲಿ ಅದು ಮೀಟರಿಗೆ ಮುಕ್ಕಾಲು ಡಿಬಿಯಷ್ಟು ನುಂಗುತ್ತದೆ (ಡಿಬಿ ಅಂದರೆ ಮೇಲೆ ಹೇಳಿದ, ಹತ್ತು ಹೆಚ್ಚಿದರೆ ಹತ್ತು ಪಟ್ಟಾಗುವ ಅಳತೆಯೇ). ಹತ್ತು ಮೀಟರ್ ಎಳೆದರೆ ಏಳೆಂಟು ಡಿಬಿ ಹೋಯಿತು. ಅಂದರೆ ಆಂಟೆನಾ ಹಿಡಿದ ಶಕ್ತಿಯಲ್ಲಿ ಐದನೇ ಒಂದು ಪಾಲೂ ರೌಟರ್‌ಗೆ ತಲುಪುವುದಿಲ್ಲ. ಡಬ್ಬಿಯ ಮೇಲೆ "12 ಡಿಬಿಐ" ಅಂತ ದಪ್ಪಕ್ಷರದಲ್ಲಿ ಬರೆದ ಆಂಟೆನಾದ ಬಲದಲ್ಲಿ ಅರ್ಧಕ್ಕಿಂತ ಜಾಸ್ತಿ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ. ಎಲ್‌ಎಂಆರ್-400 ಅನ್ನುವ ದಪ್ಪ ಕೇಬಲ್ ಇದೆ, ಅದರಲ್ಲಿ ನಷ್ಟ ಹತ್ತು ಮೀಟರಿಗೆ ಎರಡು ಡಿಬಿ ಮಾತ್ರ. ಆದರೆ ಬೆಲೆ ಜಾಸ್ತಿ, ಬಗ್ಗಿಸುವುದೂ ಕಷ್ಟ.

ಇದಕ್ಕಿಂತ ಸುಲಭದ ದಾರಿ ಒಂದಿದೆ. ರೌಟರನ್ನೇ ಅಟ್ಟಕ್ಕೆ ಏರಿಸಿ, ಆಂಟೆನಾದ ಬುಡದಲ್ಲೇ ಇಡುವುದು. ಆಗ ಆಂಟೆನಾ ಕೇಬಲ್ ಒಂದೆರಡು ಮೀಟರ್ ಸಾಕು. ಕೆಳಗೆ ಜಗಲಿಗೆ ಮಾಮೂಲಿ ಲ್ಯಾನ್ ಕೇಬಲ್ ಇಳಿಸಿ, ಅಲ್ಲಿ ಹಳೆಯ ವೈ-ಫೈ ರೌಟರ್ ಒಂದನ್ನು ಕೂರಿಸಿ. ಲ್ಯಾನ್ ಕೇಬಲ್ ನೂರು ಮೀಟರ್ ತನಕ ಏನನ್ನೂ ಕಳೆದುಕೊಳ್ಳದೆ ಡೇಟಾ ಒಯ್ಯುತ್ತದೆ. ನಾವು ಹಾಗೇ ಮಾಡಿದ್ದೇವೆ. ಒಂದೇ ತೊಂದರೆ: ಏಪ್ರಿಲ್‌ನಲ್ಲಿ ಹಂಚಿನ ಕೆಳಗಿನ ಸೆಕೆಗೆ ರೌಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಅಟ್ಟದ ಕಿಟಕಿ ಪಕ್ಕಕ್ಕೆ ಸರಿಸಿದ ಮೇಲೆ ನಿಂತಿತು.

ಎರಡು ಆಂಟೆನಾ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. 4ಜಿಯಲ್ಲಿ ಟವರ್ ಒಂದೇ ಹೊತ್ತಿಗೆ, ಒಂದೇ ತರಂಗಾಂತರದಲ್ಲಿ ಎರಡು ಬೇರೆ ಬೇರೆ ಡೇಟಾ ಹರಿವು ಕಳಿಸುತ್ತದೆ. ಇದಕ್ಕೆ ಮೈಮೊ ಅನ್ನುತ್ತಾರೆ. ಎರಡನ್ನೂ ಬಿಡಿಸಿ ಓದಬೇಕಾದರೆ ಎರಡು ಆಂಟೆನಾ ಬೇಕು, ಒಂದು ಬಲಕ್ಕೆ 45 ಡಿಗ್ರಿ ವಾಲಿ, ಇನ್ನೊಂದು ಎಡಕ್ಕೆ ವಾಲಿ. ಒಂದೇ ಹಾಕಿದರೆ ಕರೆಗೆ ತೊಂದರೆಯಿಲ್ಲ, ಡೌನ್‌ಲೋಡ್ ಮಾತ್ರ ಅರ್ಧದಷ್ಟಾಗಬಹುದು.

ಆಮೇಲೆ ಬ್ಯಾಂಡ್, ಅಂದರೆ ಸಿಗ್ನಲ್ ಬರುವ ತರಂಗಾಂತರದ ಪಟ್ಟಿ. ನಮ್ಮಲ್ಲಿ 4ಜಿ ಮುಖ್ಯವಾಗಿ 850, 1800, 2300 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. 850ರ ಅಲೆ ಸುಮಾರು 35 ಸೆಂಟಿಮೀಟರ್ ಉದ್ದ, 2300ರದ್ದು 13. ಉದ್ದದ ಅಲೆ ಗುಡ್ಡದ ನೆತ್ತಿಯಲ್ಲಿ ಬಾಗಿ ಕೆಳಗಿಳಿಯುವುದು ಜಾಸ್ತಿ, ಎಲೆ ಗೋಡೆ ದಾಟುವುದೂ ಜಾಸ್ತಿ. ಕಣಿವೆಯವರ ಪಾಲಿಗೆ 850 ಬಂಗಾರ. ಆದರೆ ಅಲ್ಲಿ ಜಾಗ ಕಿರಿದು, ಅಂದರೆ ಡೇಟಾ ಹರಿಯುವ ದಾರಿಯ ಅಗಲ ಕಡಿಮೆ. ಡಬ್ಬಿಯ ಮೇಲಿನ "150 ಎಂಬಿಪಿಎಸ್" 20 ಮೆಗಾಹರ್ಟ್ಸ್ ಅಗಲದ ಲೆಕ್ಕ. 5 ಮೆಗಾಹರ್ಟ್ಸ್ ಇರುವ ಕಡೆ ಮೇಲ್ಮಿತಿ ಸುಮಾರು 37, ಅದನ್ನೂ ಊರಿನವರೆಲ್ಲ ಹಂಚಿಕೊಳ್ಳಬೇಕು. ಬೆಳಗಿನ ಜಾವ ನಮಗೆ 20ರ ಮೇಲೆ ಬರುತ್ತದೆ. ರಾತ್ರಿ ಎಂಟರಿಂದ ಹತ್ತರವರೆಗೆ 3, 4. ಸಿಗ್ನಲ್ ಎರಡು ಹೊತ್ತೂ ಒಂದೇ. ಕ್ರಿಕೆಟ್ ಇದ್ದ ದಿನ ಅದೂ ಇಲ್ಲ. ಇದಕ್ಕೆ ಯಾವ ಆಂಟೆನಾದಲ್ಲೂ ಮದ್ದಿಲ್ಲ.

ರೌಟರ್ ತಗೊಳ್ಳುವಾಗ ಬ್ಯಾಂಡ್ ಲಾಕ್, ಅಂದರೆ ನಾವು ಹೇಳಿದ ಒಂದೇ ಬ್ಯಾಂಡಿಗೆ ಕಟ್ಟಿಹಾಕುವ ಸೌಲಭ್ಯ, ಇದೆಯಾ ನೋಡಿ. ಇಲ್ಲದಿದ್ದರೆ ಅದು 2300ಕ್ಕೂ 850ಕ್ಕೂ ನಡುವೆ ಜಿಗಿಯುತ್ತಾ ಕೂರುತ್ತದೆ. ನಮ್ಮ ಮೊದಲಿನ ರೌಟರ್‌ನಲ್ಲಿ ಈ ಸೌಲಭ್ಯ ಇತ್ತು, ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ಮಾಯವಾಯಿತು. ಕಸ್ಟಮರ್ ಕೇರ್‌ಗೆ ಬರೆದೆ. "ರೀಸೆಟ್ ಮಾಡಿ ನೋಡಿ ಸರ್" ಅನ್ನುವುದಕ್ಕಿಂತ ಆಚೆ ಯಾರೂ ಹೋಗಲಿಲ್ಲ. ಕಂಪನಿ ಹೆಸರು ಬೇಡ ಬಿಡಿ, ರೌಟರ್ ಬದಲಾಯಿಸಿಯಾಯಿತು.

ಇಷ್ಟೆಲ್ಲ ಮಾಡಿ ಸಿಕ್ಕಿದ ದೊಡ್ಡ ಉಪಯೋಗ ಯಾವುದು ಗೊತ್ತಾ? ಇಂಟರ್ನೆಟ್ ಅಂದುಕೊಂಡು ಹಾಕಿಸಿದ್ದು, ಜಾಸ್ತಿ ಅನುಕೂಲವಾದದ್ದು ಮಾಮೂಲಿ ಫೋನ್ ಕರೆಗೆ. ವೈ-ಫೈ ಕಾಲಿಂಗ್ ನಮ್ಮ ದೇಶದಲ್ಲಿ 2019ರ ಕೊನೆ, 2020ರ ಶುರುವಿನಲ್ಲಿ ಬಂತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಆನ್ ಮಾಡಿದರೆ ಆಯಿತು. ಮಾತು ಮನೆಯ ವೈ-ಫೈ ಹಿಡಿದು ಇಂಟರ್ನೆಟ್ ಮೂಲಕ ಸಿಮ್ ಕಂಪನಿಗೆ ಹೋಗುತ್ತದೆ. ಬೇರೆ ಆ್ಯಪ್ ಬೇಡ, ಅದೇ ನಂಬರ್, ಬೇರೆ ದುಡ್ಡೂ ಇಲ್ಲ. ಕರೆಗೆ ಬೇಕಾದ ಡೇಟಾ ಅತಿ ಕಡಿಮೆ, ಹಾಗಾಗಿ ರಾತ್ರಿ ವೇಗ ಕುಸಿದಾಗಲೂ ಮಾತು ಕಡಿಯುವುದಿಲ್ಲ. ರೌಟರ್‌ನಲ್ಲಿ ಒಂದು ಕಂಪನಿಯ ಸಿಮ್, ಫೋನಿನಲ್ಲಿ ಇನ್ನೊಂದರದ್ದು ಇದ್ದರೂ ನಡೆಯುತ್ತದೆ. ಅಮ್ಮ ಈಗ ಅಡುಗೆಮನೆಯಲ್ಲಿ ಕೂತೇ ಬೆಂಗಳೂರಿನ ಮಗಳ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಾರೆ. ಮೊದಲು ಅಂಗಳದ ತುಳಸಿಕಟ್ಟೆ ಹತ್ತಿರ ನಿಂತು ಕೂಗಬೇಕಿತ್ತು, ಇಡೀ ಕೇರಿಗೆ ಸುದ್ದಿ.

ಮನೆಯೊಳಗಿನ ವೈ-ಫೈಗೆ 2.4 ಗಿಗಾಹರ್ಟ್ಸ್ ಇಟ್ಟುಕೊಳ್ಳಿ. 5 ಗಿಗಾಹರ್ಟ್ಸ್ ವೇಗ ಹೌದು, ಆದರೆ ನಮ್ಮ ದಪ್ಪ ಗೋಡೆಗೆ ಒಂದೇ ಕೋಣೆಯಲ್ಲಿ ಸುಸ್ತಾಗುತ್ತದೆ.

ಇನ್ನು ಮಳೆ. "ಮಳೆ ಬಂತು, ನೆಟ್‌ವರ್ಕ್ ಹೋಯ್ತು" ಅನ್ನುವುದು ಮಲೆನಾಡಿನ ನಿತ್ಯದ ಮಾತು. ಆದರೆ 3 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗೆ ಮಳೆಹನಿ ಅಡ್ಡಿಯೇ ಅಲ್ಲ ಅನ್ನಬಹುದು. ಜಡಿಮಳೆಯಲ್ಲೂ ನಮ್ಮ ಆರ್‌ಎಸ್‌ಆರ್‌ಪಿ ಮೂರು ನಾಲ್ಕು ಅಂಕಿಗಿಂತ ಹೆಚ್ಚು ಇಳಿಯುವುದಿಲ್ಲ. ಅದೂ ನಡುವಿನ ಮರಗಳ ಒದ್ದೆ ಎಲೆಯಿಂದ. ನಿಜವಾದ ಕಾರಣ ಟವರ್ ಬುಡದಲ್ಲಿರುತ್ತದೆ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರ್ ಬ್ಯಾಟರಿ ಕೆಲವು ಗಂಟೆ ಓಡಿ ಮುಗಿಯುತ್ತದೆ, ಡೀಸೆಲ್ ಹಾಕಲು ಯಾರೂ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಗುಡ್ಡದ ಎಷ್ಟೋ ಟವರ್‌ಗಳಿಗೆ ಫೈಬರ್ ಇಲ್ಲ, ಮೈಕ್ರೋವೇವ್ ಡಿಶ್ ಮೂಲಕ ಮುಂದಿನ ಟವರ್‌ಗೆ ಕೊಂಡಿ. ಟವರ್ ಮೇಲೆ ಡೋಲಿನ ಆಕಾರದ ಬಿಳಿ ಡಬ್ಬಿ ಕಾಣುತ್ತದಲ್ಲ, ಅದೇ. ಅವುಗಳಲ್ಲಿ ಹಲವು 10 ಗಿಗಾಹರ್ಟ್ಸ್‌ಗಿಂತ ಮೇಲೆ ಕೆಲಸ ಮಾಡುತ್ತವೆ. ಆ ಅಲೆಗೆ ಜೋರು ಮಳೆ ನಿಜಕ್ಕೂ ಅಡ್ಡಿ. ಆಗ ಕಡ್ಡಿ ಪೂರ್ತಿ ಕಾಣುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ.

ಸಿಡಿಲಿನ ವಿಷಯ ಮಾತ್ರ ಹಗುರಾಗಿ ತಗೊಳ್ಳಬೇಡಿ. ಮುಂಗಾರಿಗೆ ಮೊದಲು ಏಪ್ರಿಲ್, ಮೇ ಸಂಜೆಯ ಗುಡುಗು ಮಳೆ ನಮ್ಮಲ್ಲಿ ಜೋರು. ಪೈಪಿಗೆ ಅರ್ಥಿಂಗ್ ಇದ್ದೇ ಇರಬೇಕು, ಆಂಟೆನಾ ಕೇಬಲ್ಲಿಗೆ ಸರ್ಜ್ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಬೇಕು. ಎರಡೂ ಇದ್ದು ಒಂದು ಸಲ ದೂರದ ಸಿಡಿಲಿಗೆ ನಮ್ಮ ಲ್ಯಾನ್ ಪೋರ್ಟ್ ಸುಟ್ಟಿತು. ಗುಡುಗು ಶುರುವಾಗುವ ಮೊದಲೇ ವೈರ್ ಕಳಚಿಡುವುದೇ ಗ್ಯಾರಂಟಿ ಉಪಾಯ. ಕರೆಂಟ್ ಹೋದಾಗಿನದ್ದು ಸುಲಭ: ರೌಟರ್ 12 ವೋಲ್ಟಿನದ್ದು, ಸಣ್ಣ ಯುಪಿಎಸ್ ಸಾಕು. ಮಂಗಗಳಿಗೆ ಮಾತ್ರ ಉಪಾಯ ಸಿಕ್ಕಿಲ್ಲ. ಆಂಟೆನಾಗೆ ಜೋತುಬಿದ್ದು ದಿಕ್ಕು ತಿರುಗಿಸಿ ಹೋಗುತ್ತವೆ, ನಾನು ಏಣಿ ಹಾಕಿ ಹತ್ತುತ್ತೇನೆ.

ಪೇಟೆಯಲ್ಲಿ ಕೆಲವರು ಇದರ ಬದಲು "ಬೂಸ್ಟರ್" ತಗೊಳ್ಳಿ, ಸುಮ್ನೆ ಪ್ಲಗ್ ಹಾಕಿದರೆ ಆಯ್ತು ಅನ್ನುತ್ತಾರೆ. ಬೇಡ. ರೌಟರ್ ಒಂದು ದೊಡ್ಡ ಫೋನ್ ಇದ್ದ ಹಾಗೆ, ಟವರ್ ಹೇಳಿದಷ್ಟೇ ಶಕ್ತಿಯಲ್ಲಿ ಮಾತಾಡುತ್ತದೆ. ಬೂಸ್ಟರ್ ಹಾಗಲ್ಲ, ಬಂದದ್ದನ್ನೆಲ್ಲ ಹಿಗ್ಗಿಸಿ ಕಳಿಸುತ್ತದೆ, ಗದ್ದಲವನ್ನೂ ಸೇರಿಸಿ. ಸುತ್ತಲಿನ ಎಲ್ಲರ ಸಂಪರ್ಕ ಕೆಡಬಹುದು. ಅನುಮತಿ ಇಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವುದು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಕಾಲದಿಂದಲೂ ಅಪರಾಧ, 2023ರ ಟೆಲಿಕಾಂ ಕಾಯ್ದೆಯಲ್ಲೂ ಅಷ್ಟೇ.

ತೋಟದ ಪಂಪಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇದೆ. ಅದು ಹಳೆಯ 2ಜಿ ಮಾಡೆಲ್. ಅದಕ್ಕೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ, 2016ರಲ್ಲಿ ಶುರುವಾದಾಗಿನಿಂದ ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಹೊಸದಾಗಿ ತಗೊಳ್ಳುವವರು 4ಜಿ ಸ್ಟಾರ್ಟರ್ ಕೇಳಿ ತಗೊಳ್ಳಿ. ಪಂಪ್ ಆನ್ ಆಯಿತಾ ಅಂತ ತಿಳಿಯಲು ಒಂದು ಮೆಸೇಜ್ ಸಾಕು, ವೇಗ ಬೇಡ. ಇಂಥ ಚಿಕ್ಕ ಕೆಲಸಕ್ಕೆ ಲೋರಾ ಅನ್ನುವ, ರೇಡಿಯೊ ಅಲೆಯಲ್ಲಿ ಚಿಕ್ಕ ಸಂದೇಶ ದೂರಕ್ಕೆ ಕಳಿಸುವ ವಿಧಾನವೂ ಇದೆ. ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಸುತ್ತ ಲೈಸೆನ್ಸ್ ಇಲ್ಲದೆ ಬಳಸಬಹುದು. ಮಣ್ಣಿನ ತೇವ ಅಳೆಯುವ ಯಂತ್ರ ಸಣ್ಣ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಓಡುತ್ತದೆ, ಸಿಮ್ ಬೇಕಿಲ್ಲ.

5ಜಿ? 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ ಬಂತು, ಶಿವಮೊಗ್ಗಕ್ಕೆ ಹೋದರೆ ನನ್ನ ಫೋನೂ ಖುಷಿಯಾಗಿ ಓಡುತ್ತದೆ. ಆದರೆ ಅದರ ವೇಗವೆಲ್ಲ ಇರುವುದು 3.5 ಗಿಗಾಹರ್ಟ್ಸ್ ಸುತ್ತ. ಗುಡ್ಡದ ಹಿಂದಿನವರಿಗೆ ಅದು ತಲುಪುವುದು ಕಷ್ಟ. 5ಜಿ ಮೂಲಕ ಮನೆಗೆ ಇಂಟರ್ನೆಟ್ ಕೊಡುವ, 2023ರಿಂದ ಬಂದಿರುವ ಏರ್‌ಫೈಬರ್ ಸೇವೆಗಳೂ ಇಂಥ ಆಂಟೆನಾ ಪೆಟ್ಟಿಗೆಯನ್ನೇ ಮಾಡಿನ ಮೇಲೆ ಕೂರಿಸುತ್ತವೆ. ಟವರ್ ಕಣ್ಣಿಗೆ ಕಾಣುವ ಮನೆಯಾದರೆ ಅದನ್ನೇ ಹಾಕಿಸಿ, ನನ್ನ ಹಾಗೆ ಒದ್ದಾಡಬೇಡಿ. ಮನೆ ಬಾಗಿಲಿಗೆ ಫೈಬರ್ ಬರುವುದಾದರೆ ಎರಡನೇ ಯೋಚನೆಯೇ ಬೇಡ, ಮರ ಬಿದ್ದು ಕಡಿದುಹೋದ ದಿನಗಳನ್ನು ಸೇರಿಸಿಕೊಂಡರೂ ಅದೇ ಮೇಲು.

ಎರಡೂ ಇಲ್ಲದವರಿಗೆ ಈ ಜೋಡಿ ಒಳ್ಳೆಯದು, ಐದಕ್ಕೆ ನಾಲ್ಕು ಕೊಡುತ್ತೇನೆ. ಆಂಟೆನಾ ಕೊಳ್ಳುವಾಗ ಅದರ ಮೇಲೆ ಬರೆದ ಕೆಳಗಿನ ಅಂಕಿ 698 ಅಥವಾ 700 ಇದೆಯಾ ನೋಡಿ. ಅಂಗಡಿಯಲ್ಲಿ 800ರಿಂದ ಶುರುವಾಗುವ ಹಳೆ ಮಾಲೂ ಇರುತ್ತದೆ. ಬಿಎಸ್ಎನ್ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಶುರುವಾಯಿತು. ಅದರ ರೇಡಿಯೊ ಯಂತ್ರಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು. ಆ 4ಜಿ 700 ಮೆಗಾಹರ್ಟ್ಸ್‌ನಲ್ಲೂ ಬರುತ್ತದೆ. ಕಣಿವೆಗೆ ಅದು 850ಕ್ಕಿಂತಲೂ ಒಂದು ಕೈ ಮೇಲು. ರೌಟರ್‌ನ ಪಟ್ಟಿಯಲ್ಲಿ ಇದು ಬ್ಯಾಂಡ್ 28 ಅಂತ ಇರುತ್ತದೆ, ಅದನ್ನೂ ಕೇಳಿಯೇ ದುಡ್ಡು ಕೊಡಿ.