ಬ್ಯಾಟರಿ ಡ್ರಿಲ್ ಜೊತೆ ಐದು ಮಳೆಗಾಲ: ಯಾವುದು ಕೊಳ್ಳಬೇಕು, ಯಾವುದು ಬೇಡ

ಸಾಗರದ ಹತ್ತಿರ ನಮ್ಮ ಮನೆ. ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯೇ ಈಗ ನನ್ನ ಮರಗೆಲಸದ ಶೆಡ್ಡು. ಮಕಿಟಾ ಕಂಪನಿಯ ಎಲ್‌ಎಕ್ಸ್‌ಟಿ ಅನ್ನುವ 18 ವೋಲ್ಟ್ ಬ್ಯಾಟರಿ ಸರಣಿಯ ಟೂಲ್‌ಗಳನ್ನು ಐದು ವರ್ಷದಿಂದ ಬಳಸುತ್ತಿದ್ದೇನೆ. ಗೋಡೆಗೂ ತೂತು ಕೊರೆಯುವ ಹ್ಯಾಮರ್ ಡ್ರಿಲ್, ಸ್ಕ್ರೂ ಬಿಗಿಯುವ ಇಂಪ್ಯಾಕ್ಟ್ ಡ್ರೈವರ್, ಮರ ಕೊಯ್ಯುವ ಜಿಗ್‌ಸಾ, ಒಂದು ಲೈಟು. ಇಷ್ಟೇ ಇರುವುದು. ನಾವು ಎತ್ತಿಕೊಂಡು ಕೆಲಸದ ಹತ್ತಿರ ಹೋಗಬೇಕಾದ ಟೂಲ್‌ಗೆ ಬ್ಯಾಟರಿ ಇರಲಿ, ಕೆಲಸವನ್ನೇ ಮೇಜಿಗೆ ತರುವುದಾದರೆ ವೈರ್ ಸಾಕು ಅನ್ನುವುದು ನನ್ನ ಲೆಕ್ಕ.

ಮೊದಲು ಬ್ಯಾಟರಿ ವಿಚಾರ. ಸಾಮಾನ್ಯವಾಗಿ ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಾಗಾಗಿ ಮೊದಲ ಡ್ರಿಲ್ ಕೊಂಡ ದಿನವೇ ಮುಂದೆ ಯಾವ ಕಂಪನಿ ಅನ್ನುವುದೂ ತೀರ್ಮಾನ ಆಗಿಬಿಡುತ್ತದೆ. ಎರಡನೆಯದರಿಂದ ಬ್ಯಾಟರಿ, ಚಾರ್ಜರ್ ಇಲ್ಲದ ಬರೀ ಮೆಷಿನ್ ಕೊಂಡರೆ ಆಯಿತು. ಅಂಗಡಿಯಲ್ಲಿ 'ಬೇರ್ ಟೂಲ್' ಅಂತ ಕೇಳಿ, ತುಂಬಾ ದುಡ್ಡು ಉಳಿಯುತ್ತದೆ. ಎಲ್‌ಎಕ್ಸ್‌ಟಿ ಬಂದಿದ್ದು 2005ರಲ್ಲಿ, ಈಗಲೂ ಅದೇ ಅಚ್ಚಿನ ಬ್ಯಾಟರಿ ಮಾರುತ್ತಿದ್ದಾರೆ. ನಾನು ಅದನ್ನು ಆರಿಸಿದ್ದೇ ಈ ಕಾರಣಕ್ಕೆ. ಆದರೆ ಹುಷಾರಾಗಿ ನೋಡಿ. ಮಕಿಟಾದ್ದೇ ಜಿ ಸರಣಿಯ 18 ವೋಲ್ಟ್ ಬ್ಯಾಟರಿ ಎಲ್‌ಎಕ್ಸ್‌ಟಿಗೆ ಕೂರುವುದಿಲ್ಲ. ಬಾಷ್‌ನಲ್ಲೂ ನೀಲಿ ಬಣ್ಣದ ಪ್ರೊಫೆಷನಲ್ ಟೂಲ್ ಬೇರೆ, ಮನೆ ಬಳಕೆಯ ಹಸಿರು ಬೇರೆ. ಹೆಸರು, ವೋಲ್ಟ್ ಎರಡೂ ಒಂದೇ ಇದೆ ಅಂತ ನಂಬಿ ದುಡ್ಡು ಕೊಡಬೇಡಿ. ಅಂಗಡಿಯಲ್ಲೇ ಹಾಕಿಸಿ ನೋಡಿ.

20 ವೋಲ್ಟ್ ಅಂತ ಬರೆದಿದ್ದರೆ 18ಕ್ಕಿಂತ ಜೋರು ಅಂದುಕೊಳ್ಳುವವರು ಜಾಸ್ತಿ. ಎರಡರಲ್ಲೂ 3.6 ವೋಲ್ಟಿನ ಐದು ಸೆಲ್‌ಗಳೇ ಸಾಲಾಗಿ ಇರುತ್ತವೆ. ಚಾರ್ಜ್ ತುಂಬಿದಾಗ ಒಂದೊಂದೂ 4 ವೋಲ್ಟ್ ದಾಟುವುದರಿಂದ 20 ಅಂತ ಬರೆಯುತ್ತಾರೆ. 12 ವೋಲ್ಟಿನದ್ದೂ ಹಾಗೆಯೇ, ಮೂರು ಸೆಲ್, 10.8 ವೋಲ್ಟ್. ಆನ್‌ಲೈನ್‌ನಲ್ಲಿ 48, 88 ಅಂತ ಸ್ಟಿಕ್ಕರ್ ಅಂಟಿಸಿ ಅಗ್ಗಕ್ಕೆ ಮಾರುವ ಸೆಟ್‌ಗಳ ಒಳಗೂ ಸಾಮಾನ್ಯವಾಗಿ ಇದೇ ಐದು ಸೆಲ್. ನೋಡಬೇಕಾದ ಇನ್ನೊಂದು ಅಂಕಿ ಆಂಪಿಯರ್ ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದು. 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಐದೇ ಸೆಲ್, ಹಗುರ. ತಲೆ ಮೇಲೆ ಕೈ ಎತ್ತಿ ಸ್ಕ್ರೂ ಹಾಕುವಾಗ ಅದೇ ಹಿತ. 5ರದ್ದರಲ್ಲಿ ಹತ್ತು ಸೆಲ್ ಇರುವುದರಿಂದ ಒಂದೊಂದರ ಮೇಲೆ ಹೊರೆ ಕಡಿಮೆ. ಜಿಗ್‌ಸಾಗೆ ಅದು ಬೇಕು. ನನ್ನ ಹತ್ತಿರ ಎರಡೂ ಇವೆ.

ಈಗ ನನಗೆ ತುಂಬಾ ಪ್ರೀತಿಯ ಇಂಪ್ಯಾಕ್ಟ್ ಡ್ರೈವರ್. ಇದನ್ನು ಯಾರೂ ಮೊದಲು ಕೊಳ್ಳುವುದಿಲ್ಲ, ಡ್ರಿಲ್ ಇದೆಯಲ್ಲ ಅಂತಾರೆ. ಈ ವರ್ಗದ ಡ್ರಿಲ್ ತಿರುಗಿಸುವ ಬಲ 50-60 ನ್ಯೂಟನ್ ಮೀಟರ್ ಆಸುಪಾಸು. ಇಂಪ್ಯಾಕ್ಟ್ ಡ್ರೈವರ್ 150 ದಾಟುತ್ತದೆ. ಒಳಗಿನ ಸುತ್ತಿಗೆ ಸುತ್ತುವ ದಿಕ್ಕಿನಲ್ಲೇ ಪೆಟ್ಟು ಕೊಡುತ್ತಾ ಹೋಗುವುದರಿಂದ ಮಣಿಕಟ್ಟು ತಿರುಚಿಕೊಳ್ಳುವುದಿಲ್ಲ. ಮತ್ತಿ ಮರದ ಪಕಾಸಿಗೆ ಉದ್ದದ ಸ್ಕ್ರೂ ಇಳಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಚಾವಣಿ ಶೀಟಿಗೆ ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕುವಾಗಲೂ ಅಷ್ಟೇ. 8 ಮಿಲಿಮೀಟರ್ ಸಾಕೆಟ್ ಸಿಕ್ಕಿಸಿದರೆ ಒಂದು ಕೈ ಏಣಿ ಹಿಡಿದುಕೊಳ್ಳಬಹುದು. ನಮ್ಮಲ್ಲಿ ಗಾಳಿಮಳೆಗೆ ಶೀಟು ಹಾರುವ ಹೊತ್ತಿಗೆ ಕರೆಂಟೂ ಹೋಗಿರುತ್ತದೆ. ಆಗ ಇದರ ಬೆಲೆ ತಿಳಿಯುತ್ತದೆ. ಸದ್ದು ಮಾತ್ರ ಜೋರು, ಕಿವಿಗೆ ಏನಾದರೂ ಹಾಕಿಕೊಳ್ಳಿ. ಹಿತ್ತಾಳೆ ಸ್ಕ್ರೂ, ಬಾಗಿಲಿನ ಹಿಂಜಸ್‌ಗೆ ಬಳಸಬೇಡಿ. ಕತ್ತು ಮುರಿದು ತಲೆ ಕೈಗೆ ಬರುತ್ತದೆ. ಅಂಥ ನಾಜೂಕು ಕೆಲಸಕ್ಕೆ ಡ್ರಿಲ್‌ನ ಕ್ಲಚ್ಚನ್ನು (ಇಷ್ಟು ಬಿಗಿಯಾದ ಮೇಲೆ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸುವ ನಂಬರ್ ಬಳೆ) ಸಣ್ಣ ನಂಬರಿಗೆ ಇಟ್ಟುಕೊಂಡರೆ ಸರಿಹೋಗುತ್ತದೆ.

ಗೋಡೆಗೆ ತೂತು ಕೊರೆಯುವ ವಿಷಯದಲ್ಲಿ ಹ್ಯಾಮರ್ ಡ್ರಿಲ್‌ನ ಮಿತಿ ತಿಳಿದಿರಬೇಕು. ಜಂಬಿಟ್ಟಿಗೆ, ಸುಟ್ಟ ಇಟ್ಟಿಗೆಗೆ ಏನೂ ತೊಂದರೆ ಇಲ್ಲ. ಆದರೆ ಕರ್ಟನ್ ರಾಡ್ ಬರುವುದು ಕಿಟಕಿಯ ಮೇಲೆ, ಅಲ್ಲಿ ಲಿಂಟಲ್ ಇರುತ್ತದೆ ಅಲ್ವಾ? ಆ ಕಾಂಕ್ರೀಟಿಗೆ ಇದು ಬರೀ ಕಿರುಚುತ್ತದೆ. ಹಲ್ಲಿನ ಎರಡು ಬಿಲ್ಲೆ ಒಂದರ ಮೇಲೊಂದು ಜಾರಿ ಬೀಳುವ ಪೆಟ್ಟು ಅದರದ್ದು, ಅಷ್ಟಕ್ಕೆ ಕಾಂಕ್ರೀಟು ಬಗ್ಗುವುದಿಲ್ಲ. ಎಸ್‌ಡಿಎಸ್ ಪ್ಲಸ್ ಅನ್ನುವ ಬೇರೆ ನಮೂನೆ ಬುಡದ ಬಿಟ್ ಹಾಕುವ ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಗಾಳಿ ಒತ್ತಿ ಹೊಡೆಯುತ್ತದೆ, ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯುತ್ತದೆ. ವರ್ಷಕ್ಕೆ ನಾಲ್ಕು ತೂತಿಗೆ ಅದರ ಬ್ಯಾಟರಿ ಮಾದರಿ ಕೊಳ್ಳುವುದು ದಂಡ. ವೈರಿನದ್ದನ್ನು ಬಾಡಿಗೆಗೆ ತನ್ನಿ.

ಗ್ರೈಂಡರ್, ಸರ್ಕ್ಯುಲರ್ ಸಾ, ಪ್ಲೇನರ್ ಮೂರನ್ನೂ ನಾನು ವೈರಿನಲ್ಲೇ ಇಟ್ಟುಕೊಂಡಿದ್ದೇನೆ. ನಾಲ್ಕು ಇಂಚಿನ ವೈರ್ ಗ್ರೈಂಡರ್ ಅಗ್ಗಕ್ಕೆ ಸಿಗುತ್ತದೆ, ದಿನವಿಡೀ ಓಡುತ್ತದೆ. ಬ್ಯಾಟರಿಯದ್ದು ಕಬ್ಬಿಣ ಕತ್ತರಿಸುತ್ತಾ ಇದ್ದರೆ ನೋಡುತ್ತಿದ್ದಂತೆ ಚಾರ್ಜ್ ಖಾಲಿ.

ಬ್ಯಾಟರಿ ಬಾಳಿಕೆ ಬರಬೇಕಾದರೆ ಬಿಸಿಯಿಂದ ದೂರ ಇಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲಿ ಅಂತ ನಮ್ಮ ಕಡೆ ಎಲ್ಲವನ್ನೂ ಬಚ್ಚಲ ಒಲೆ ಹತ್ತಿರ ಇಡುವ ರೂಢಿ ಇದೆ. ಬ್ಯಾಟರಿಯನ್ನು ಮಾತ್ರ ಬೇಡ. ಕೆಲಸ ಮಾಡಿ ಬಿಸಿಯಾದದ್ದನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕುತ್ತೇನೆ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡುತ್ತೇನೆ. ಮೊದಲು ತಂದ ಬ್ಯಾಟರಿ ಈಗ ಸ್ವಲ್ಪ ಬೇಗ ಇಳಿಯುತ್ತದೆ, ಆದರೂ ಓಡುತ್ತಿದೆ. ಪಕ್ಕದ ತೋಟದವರು ಕಡಿಮೆ ಬೆಲೆಗೆ ತರಿಸಿದ ನಕಲಿ ಬ್ಯಾಟರಿಗೆ ಒಂದೇ ಮಳೆಗಾಲದಲ್ಲಿ ಚಾರ್ಜರ್ ಕೆಂಪು-ಹಸಿರು ದೀಪ ಮಿನುಗಿಸಿ ಒಲ್ಲೆ ಅಂದಿತು.

ಪಟ್ಟಣದ ಫ್ಲಾಟಿನಲ್ಲಿ ಇರುವವರಿಗೆ, ಪೀಠೋಪಕರಣ ಜೋಡಿಸುವುದು, ಫೋಟೋ ನೇತುಹಾಕುವುದು ಇಷ್ಟೇ ಇದ್ದರೆ 12 ವೋಲ್ಟಿನ ಡ್ರಿಲ್ ಧಾರಾಳ ಸಾಕು. ತೋಟ, ಶೆಡ್ಡು ಇರುವವರು 18ಕ್ಕೇ ಹೋಗಿ. ನಾನಂತೂ ಮುಂದೆ ಇದೇ ಬ್ಯಾಟರಿಗೆ ಕೂರುವ ಚಿಕ್ಕ ಚೈನ್‌ಸಾ ನೋಡುತ್ತಿದ್ದೇನೆ. ಬೇಲಿ ಮೇಲೆ ಬಿದ್ದ ಕೊಂಬೆ ಕಡಿಯುವುದಕ್ಕೆ ಅಲ್ಲಿವರೆಗೆ ವೈರ್ ಎಳೆಯಲು ಆಗುವುದಿಲ್ಲವಲ್ಲ.