ವೀಣೆ ಹಿಡಿದ ಕೈಗೆ ಎಲೆಕ್ಟ್ರಿಕ್ ಗಿಟಾರ್: ಯಮಹಾ ಪೆಸಿಫಿಕಾ 112ವಿ

ಈ ಗಿಟಾರ್ ಮನೆಗೆ ಬಂದು ಒಂದೂವರೆ ವರ್ಷ ಆಯಿತು. ಅದಕ್ಕೂ ಮುಂಚೆ ಇನ್ನೊಂದು ಬಂದಿತ್ತು, ಆರೇ ತಿಂಗಳಲ್ಲಿ ಹೋಯಿತು. ಆ ಕಥೆ ಮೊದಲು ಹೇಳಿದರೇನೇ ಇದು ಯಾಕೆ ಇಷ್ಟವಾಯಿತು ಅಂತ ಗೊತ್ತಾಗುವುದು.

ನಾನು ಚಿಕ್ಕವಳಿದ್ದಾಗ ಸರಸ್ವತಿಪುರಂನಲ್ಲಿ ಎಂಟು ವರ್ಷ ವೀಣೆ ಕಲಿತವಳು. ಮೈಸೂರಿನಲ್ಲಿ ಇದೇನೂ ದೊಡ್ಡ ಸುದ್ದಿ ಅಲ್ಲ. ಮೂವತ್ತೈದು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಆನ್‌ಲೈನಿನಲ್ಲಿ ನೋಡಿ ನೋಡಿ ಕಪ್ಪು ಬಣ್ಣದ, ಎರಡು ಚೂಪು ಕೊಂಬಿನ, ಸಂಕ್ರಾಂತಿಗೆ ಕಿಚ್ಚು ಹಾಯಿಸಲು ಸಿಂಗಾರ ಮಾಡಿದ ಎತ್ತಿನ ಹಾಗೆ ಕಾಣುವ ಒಂದನ್ನು ತರಿಸಿದೆ. ಕಂಪನಿ ಹೆಸರು ಬೇಡ ಬಿಡಿ. ತಪ್ಪು ಗಿಟಾರಿನದಲ್ಲ, ಬರೀ ಕಣ್ಣಲ್ಲಿ ಆರಿಸಿದವಳದು.

ಅದಕ್ಕೆ ಫ್ಲಾಯ್ಡ್ ರೋಸ್ ಅನ್ನುವ ಬ್ರಿಡ್ಜ್ ಇತ್ತು. ಬ್ರಿಡ್ಜ್ ಅಂದರೆ ವೀಣೆಯವರ ಮಾತಲ್ಲಿ ಕುದುರೆ. ವೀಣೆಯ ಕುದುರೆ ಕೂತ ಕಡೆ ಕೂತಿರುತ್ತದೆ. ಇದು ತೇಲುವ ಕುದುರೆ. ಒಂದು ಕಡೆಯಿಂದ ಆರು ತಂತಿ ಎಳೆಯುತ್ತವೆ, ಇನ್ನೊಂದು ಕಡೆಯಿಂದ ಗಿಟಾರಿನ ಬೆನ್ನಲ್ಲಿರುವ ಸ್ಪ್ರಿಂಗುಗಳು ಎಳೆಯುತ್ತವೆ, ಎರಡೂ ಸಮ ಆದ ಕಡೆ ನಿಲ್ಲುತ್ತದೆ. ನನ್ನ ಕೈಗೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ಹಿಡಿಯುವುದೇ ಅಭ್ಯಾಸ. ಹಾಗೆ ಒಂದು ತಂತಿ ಎಳೆದರೆ ಸಾಕು, ಕುದುರೆ ಒಂಚೂರು ಮುಂದಕ್ಕೆ ವಾಲಿ ಮಿಕ್ಕ ಐದೂ ತಂತಿಗಳ ಶ್ರುತಿ ಇಳಿಯುತ್ತಿತ್ತು. ಕಲ್ಯಾಣಿ ರಾಗದ ಗಾಂಧಾರ ತೂಗುತ್ತಾ ಪಕ್ಕದಲ್ಲಿ ಷಡ್ಜ ಮೀಟಿದರೆ, ಆ ಷಡ್ಜ ‘ಉಂಯ್’ ಅಂತ ಕೆಳಗೆ ಜಾರುವುದು! ಮೊದಲ ದಿನ ನನ್ನ ಕಿವಿಯೇ ಕೆಟ್ಟಿದೆ ಅಂದುಕೊಂಡೆ. ಒಂದು ತಂತಿ ಕಿತ್ತುಹೋದ ದಿನವಂತೂ ಮಿಕ್ಕ ಐದೂ ತಂತಿಗಳ ಶ್ರುತಿ ಹೋಯಿತು. ಮತ್ತೆ ಕೂರಿಸಲು ಒಂದು ಇಡೀ ಸಂಜೆ, ಒಂದು ಅಲೆನ್ ಕೀ, ಎರಡು ಲೋಟ ಕಾಫಿ. ಕೊನೆಗೆ ಹೆವಿ ಮೆಟಲ್ ಸಂಗೀತ ನುಡಿಸುವ ಒಬ್ಬ ಇಂಜಿನಿಯರಿಂಗ್ ಹುಡುಗನಿಗೆ ಕಡಿಮೆ ಬೆಲೆಗೆ ಕೊಟ್ಟೆ. ಅವನಿಗೆ ಕುದುರೆಗೆ ಸಿಕ್ಕಿಸಿದ ಸನ್ನೆಕೋಲು ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸಿ ಮತ್ತೆ ಎತ್ತುವುದೇ ಬೇಕಿತ್ತು. ಅದಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ.

ಎರಡನೇ ಸಲ ಅಂಗಡಿಗೇ ಹೋದೆ. ಮೈಸೂರಿನ ಅಂಗಡಿಗಳಲ್ಲಿ ಅಕೌಸ್ಟಿಕ್ ಗಿಟಾರ್ ಸಾಲುಗಟ್ಟಿ ನೇತಾಡುತ್ತವೆ, ಎಲೆಕ್ಟ್ರಿಕ್ ಅಷ್ಟು ಇರುವುದಿಲ್ಲ. ನಾನು ಹೋದಲ್ಲಿ ನಾಲ್ಕೇ ನಾಲ್ಕು ಇದ್ದವು. ಸ್ಟೂಲ್ ಕೇಳಿ ಕೂತೆ. ಹುಡುಗ “ಆಂಪ್‌ಗೆ ಹಾಕ್ಲಾ ಮೇಡಂ?” ಅಂದ, ಅಂದರೆ ಸದ್ದು ಜೋರು ಮಾಡುವ ಆಂಪ್ಲಿಫೈಯರ್‌ಗೆ. ಬೇಡ ಅಂದೆ. “ಇದು ಎಲೆಕ್ಟ್ರಿಕ್ಕು ಮೇಡಂ, ಹಂಗೇ ಕೇಳ್ಸಲ್ಲ.” ಕೇಳಿಸುತ್ತೆ ಕಣಪ್ಪ ಅಂದು, ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲ (ಗಿಟಾರಿನವರ ಮಾತಲ್ಲಿ ಫ್ರೆಟ್) ಮೇಲೂ ಮೀಟಿದೆ. ತಂತಿ ಎಲ್ಲಿ ಬೇರೆ ಮೆಟ್ಟಿಲಿಗೆ ತಾಗಿ ಝುಂಯ್ ಅನ್ನುತ್ತದೆ, ಎಳೆದಾಗ ಎಲ್ಲಿ ಸ್ವರ ಸಾಯುತ್ತದೆ ಅನ್ನುವುದೆಲ್ಲ ಆಂಪ್ ಇಲ್ಲದೇ ಚೆನ್ನಾಗಿ ಗೊತ್ತಾಗುತ್ತದೆ. ಸದ್ದು ಜೋರಾದರೆ ಎಲ್ಲ ಗಿಟಾರೂ ಒಳ್ಳೆಯದೇ ಅನ್ನಿಸಿಬಿಡುತ್ತದೆ, ಅಲ್ವಾ? ಮುಕ್ಕಾಲು ಗಂಟೆ ಕೂತಿದ್ದೆ, ಪಾಪ ಹುಡುಗ ಒಂದು ಮಾತೂ ಆಡಲಿಲ್ಲ.

ಅದಕ್ಕೂ ಮುಂಚೆ ಗೆಳತಿಯೊಬ್ಬಳ ಮನೆಯಲ್ಲಿ ಲೆಸ್ ಪಾಲ್ ಮಾದರಿಯದ್ದು ನುಡಿಸಿ ನೋಡಿದ್ದೆ. ಗಿಬ್ಸನ್‌ನ ಲೆಸ್ ಪಾಲ್ 1952ರದ್ದು, ಫೆಂಡರ್‌ನ ಸ್ಟ್ರಾಟೊಕ್ಯಾಸ್ಟರ್ 1954ರದ್ದು. ಅಂಗಡಿಯಲ್ಲಿ ಈಗ ಕಾಣುವ ಹೆಚ್ಚಿನವು ಇವೆರಡರ ಮಕ್ಕಳು ಮೊಮ್ಮಕ್ಕಳೇ. ಲೆಸ್ ಪಾಲ್‌ನಲ್ಲಿ ನುಡಿಯುವ ತಂತಿಯ ಉದ್ದ 24.75 ಇಂಚು, ಸ್ಟ್ರಾಟ್‌ನಲ್ಲಿ 25.5. ಮುಕ್ಕಾಲು ಇಂಚಿನಲ್ಲಿ ಏನಿದೆ ಅನ್ನಬೇಡಿ. ಅದೇ ದಪ್ಪದ ತಂತಿ, ಅದೇ ಶ್ರುತಿ ಇಟ್ಟರೆ ಚಿಕ್ಕದರಲ್ಲಿ ಬಿಗಿ ಆರು ಪರ್ಸೆಂಟಿನಷ್ಟು ಕಡಿಮೆ. ಎಳೆಯಲು ಬೆಣ್ಣೆ ಹಾಗಿತ್ತು. ಆದರೆ ಭಾರ! ನಾಲ್ಕು ಕೆಜಿ ಮೇಲಿತ್ತು. ವೀಣೆ ಅದಕ್ಕಿಂತ ಭಾರ ಇರಬಹುದು, ಆದರೆ ವೀಣೆಯ ಭಾರವನ್ನು ನೆಲ ಮತ್ತು ತೊಡೆ ಹೊರುತ್ತವೆ. ಇದನ್ನು ಒಂದು ಭುಜವೇ ಹೊರಬೇಕು. ಇಪ್ಪತ್ತು ನಿಮಿಷಕ್ಕೆ ಕತ್ತು ಹಿಡಿದುಕೊಂಡಿತು.

ಅಂಗಡಿಯ ಆ ನಾಲ್ಕರಲ್ಲಿ ಒಂದಾದ ಈ ಪೆಸಿಫಿಕಾ 25.5 ಇಂಚಿನದು, 22 ಮೆಟ್ಟಿಲು, ಆಲ್ಡರ್ ಮರದ ಮೈ, ಮೇಪಲ್ ಕತ್ತು. ತೊಡೆಯ ಮೇಲೆ ಇಟ್ಟರೆ ತಲೆ ಕೆಳಗೆ ವಾಲುವುದಿಲ್ಲ. ಬಿಗಿಯ ವಿಷಯಕ್ಕೆ ತೆಳು ತಂತಿಯೇ ಪರಿಹಾರ, 9ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ ಒಂಬತ್ತು ಪಾಲು) ಹಾಕಿದರೆ ಒಂದು ಪೂರ್ತಿ ಸ್ವರ ಸಲೀಸಾಗಿ ಎಳೆಯಬಹುದು. ವೀಣೆಯ ಹಾಗೆ ಒಂದೇ ಮೆಟ್ಟಿಲ ಮೇಲೆ ಮೂರು ಸ್ವರ ದಾಟುವುದು ಆಗುವುದಿಲ್ಲ, ಆ ಆಸೆ ಬಿಡಿ. ಫ್ರೆಟ್‌ಬೋರ್ಡ್ ರೋಸ್‌ವುಡ್, ಅಂದರೆ ನಮ್ಮ ಇನ್‌ಲೇ ಕೆಲಸದವರು ಅಂಬಾರಿ ಆನೆ ಕೂರಿಸುತ್ತಾರಲ್ಲ, ಆ ಬೀಟೆಯ ಬಳಗದ್ದು. ಅಷ್ಟಕ್ಕೇ ಅಮ್ಮನಿಗೆ ಈ ಗಿಟಾರಿನ ಮೇಲೆ ಸ್ವಲ್ಪ ಗೌರವ ಬಂದಿದೆ.

ಇದಕ್ಕೂ ಸನ್ನೆಕೋಲು ಇದೆ, ಕುದುರೆ ಇದರಲ್ಲೂ ಅಲುಗುತ್ತದೆ. ಆದರೆ ಬೆನ್ನಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿದರೆ ಕುದುರೆ ಮೈಗೆ ಒತ್ತಿ ಕೂರುತ್ತದೆ. ಅಂಗಡಿಯಲ್ಲೇ ಮಾಡಿಸಿಕೊಂಡೆ, ಹತ್ತು ನಿಮಿಷದ ಕೆಲಸ. ಆಮೇಲೆ ಗಾಂಧಾರ ಎಷ್ಟು ತೂಗಿದರೂ ಷಡ್ಜ ಅಲ್ಲಾಡಲಿಲ್ಲ. ಅಲ್ಲೇ ದುಡ್ಡು ಕೊಟ್ಟೆ.

ತಂತಿಯ ಅಲುಗಾಟವನ್ನು ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ ಮೂರಿವೆ: ಕತ್ತಿನ ಕಡೆ ಮತ್ತು ನಡುವೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯದು), ಕುದುರೆ ಹತ್ತಿರ ಹಂಬಕರ್. ಸಿಂಗಲ್ ಕಾಯಿಲ್ ಯಾವ ಗಿಟಾರಿನದ್ದೇ ಆಗಲಿ, ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನು ಹಿಡಿದುಕೊಳ್ಳುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿ ಇದ್ದು ಒಂದು ಹಿಡಿದ ಗುಂಯ್ ಅನ್ನು ಇನ್ನೊಂದು ಅಳಿಸುತ್ತದೆ. ಟೋನ್ ತಿರುಗಿಸುವ ಗುಂಡಿಯನ್ನು ಮೇಲಕ್ಕೆ ಎಳೆದರೆ ಆ ಹಂಬಕರ್ ಕೂಡ ಸಿಂಗಲ್ ಆಗುತ್ತದೆ. ನಾನು ಇದನ್ನು ಬಳಸುವುದು ಅಪರೂಪ. ನನಗೆ ಕತ್ತಿನ ಪಿಕಪ್ಪೇ ಸಾಕು, ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವುದು) ಇಲ್ಲದೆ ನುಡಿಸಿದರೆ ದುಂಡಗಿನ ನಾದ. ಗುಂಯ್ ಜಾಸ್ತಿ ಬಂದರೆ ಗಿಟಾರಿಗೆ ಬೈಯುವ ಮುಂಚೆ ಗೋಡೆಯ ಪ್ಲಗ್ ನೋಡಿ. ನಮ್ಮ ಕುವೆಂಪುನಗರದ ಹಳೇ ಮನೆಯಲ್ಲಿ ಅರ್ಥಿಂಗ್ ವೈರೇ ಸೇರಿಸಿರಲಿಲ್ಲ! ಎಲೆಕ್ಟ್ರಿಷಿಯನ್ ಬಂದು ಅದನ್ನು ಸರಿ ಮಾಡಿದ ಮೇಲೆ ಅರ್ಧ ಸದ್ದು ಹೋಯಿತು. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗಾಬರಿ ಬೇಡ, ಅದು ಸಹಜ.

ಬರೀ ಮೆಟಲ್ ನುಡಿಸುವವರು ಇದನ್ನು ಕೊಳ್ಳಬೇಡಿ, ಎರಡು ಹಂಬಕರ್ ಇರುವುದು ನೋಡಿ. ಕೈ ತೀರಾ ಚಿಕ್ಕದಾದರೆ 24.75 ಇಂಚಿನದನ್ನೂ ಒಂದು ಸಲ ಹಿಡಿದು ನೋಡಿ, ಆದರೆ ಭುಜದ ಪಟ್ಟಿ ಹಾಕಿಕೊಂಡು ನಿಂತು ನೋಡಿ. ಮತ್ತೆ ಇರುವ ದುಡ್ಡೆಲ್ಲ ಗಿಟಾರಿಗೇ ಸುರಿಯಬೇಡಿ, ಕೇಳಿಸುವ ಸದ್ದಿನಲ್ಲಿ ಅರ್ಧ ಪಾಲು ಆಂಪ್‌ನದು. ನಾನು ಹೆಡ್‌ಫೋನ್ ಹಾಕುವ ತೂತು ಇರುವ ಚಿಕ್ಕ ಆಂಪನ್ನೇ ಹುಡುಕಿ ತಂದೆ. ಮೇಲಿನ ಮನೆ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಅವಳ ಪರೀಕ್ಷೆ ಮುಗಿಯುವ ತನಕ ಕಲ್ಯಾಣಿ ನನ್ನ ಕಿವಿಯೊಳಗೇ.