ಹದಿಮೂರು ವರ್ಷ ದುಡಿದ ಐ3: ಕಲಬುರಗಿಯ ಡಿಟಿಪಿ ಅಂಗಡಿಯ ಅನುಭವ

2012ರ ಡಿಸೆಂಬರ್‌ನಲ್ಲಿ ಕಟ್ಟಿಸಿದ ಕಂಪ್ಯೂಟರ್ ಇದು. ಇಂಟೆಲ್ ಕೋರ್ ಐ3-2120 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಹದಿನೆಂಟೂವರೆ ಇಂಚಿನ ಎಲ್‌ಇಡಿ ಮಾನಿಟರ್. ಯುಪಿಎಸ್ ಸೇರಿ 25,200 ರೂಪಾಯಿ. ಬಿಲ್ಲು ಇನ್ನೂ ನನ್ನ ಹತ್ತಿರ ಇದೆ, ಅದರ ಮೇಲೆ ಊರಿನ ಹೆಸರು ಗುಲ್ಬರ್ಗ ಅಂತಲೇ ಇದೆ. ಲಗ್ನಪತ್ರಿಕೆ, ಪಿಎಚ್.ಡಿ. ಪ್ರಬಂಧ, ಜಾತ್ರೆಯ ಹ್ಯಾಂಡ್‌ಬಿಲ್ಲು ಎಲ್ಲ ಇದರ ಮೇಲೆಯೇ ಆಗಿವೆ. ಸೀಸನ್ನಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ತಾಸು ಬಂದ್ ಮಾಡಿದ್ದೇ ಇಲ್ಲ. ಹೊಸದು ತಗೊಳ್ಳಲೋ, ಹಳೆಯದನ್ನೇ ರಿಪೇರಿ ಮಾಡಿಸಲೋ ಎಂದು ಅಂಗಡಿಗೆ ಬಂದವರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರ್ ಬೆಲೆಯನ್ನು ನಾನು ಪುಟದ ಲೆಕ್ಕದಲ್ಲಿ ನೋಡುತ್ತೇನೆ. 2000ದಲ್ಲಿ, ನಾನು ಕೆಲಸ ಕಲಿತ ಅಂಗಡಿಯ ಮಾಲಕರು ಪೆಂಟಿಯಂ 3 ತಂದರು. 64 ಎಂಬಿ ರ‍್ಯಾಮ್, 10 ಜಿಬಿ ಡಿಸ್ಕ್, ಇಬ್ಬರು ಹಿಡಿದು ಮೇಜಿಗೇರಿಸಿದ ಡಬ್ಬಿ ಮಾನಿಟರ್, ವಿಂಡೋಸ್ 98. ಬೆಲೆ 42,000. ಕನ್ನಡ ಟೈಪಿಂಗಿಗೆ ಆಗ ಪುಟಕ್ಕೆ 12 ರೂಪಾಯಿ. ಅಂದರೆ ಆ ಕಂಪ್ಯೂಟರಿನ ಬೆಲೆ 3,500 ಪುಟ. ನಾನು ನನ್ನದನ್ನು ಕೊಂಡಾಗ ಪುಟಕ್ಕೆ 20 ಇತ್ತು, ಹಾಗಾಗಿ ಇದರ ಬೆಲೆ 1,260 ಪುಟ. ಶಕ್ತಿ ಎಷ್ಟೋ ಪಟ್ಟು ಹೆಚ್ಚು, ದುಡಿಯಬೇಕಾದ ಪುಟ ಮೂರನೇ ಒಂದು ಭಾಗದ ಆಸುಪಾಸು.

ಆದರೆ ಎಲ್ಲ ಬಿಡಿಭಾಗಗಳ ಬೆಲೆಯೂ ಒಟ್ಟಿಗೆ ಇಳಿಯುವುದಿಲ್ಲ. ಆ ಬಿಲ್ಲಿನಲ್ಲಿ ಹಾರ್ಡ್ ಡಿಸ್ಕಿಗೇ 3,600 ಇದೆ. ಯಾಕಿಷ್ಟು ಎಂದು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದ್ದೆ. "ಹೋದ ವರ್ಷ ದಸರಾಕ್ಕ ಎರಡು ಸಾವಿರದೊಳಗ ಕೊಟ್ಟೀವ್ರಿ. ಆಮ್ಯಾಲ ಥೈಲ್ಯಾಂಡಿನ್ಯಾಗ ನೆರೆ ಬಂದು ಫ್ಯಾಕ್ಟರಿ ಮುಳುಗಿದ್ವು, ರೇಟು ಇನ್ನೂ ಕೆಳಗ ಬಂದಿಲ್ಲ" ಅಂದರು. ನಿಜವೇ. 2011ರ ಅಕ್ಟೋಬರ್ ಪ್ರವಾಹದಲ್ಲಿ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಯೊಳಗೆ ನೀರು ನಿಂತು, ಜಗತ್ತಿನಾದ್ಯಂತ ಡಿಸ್ಕಿನ ಬೆಲೆ ಏರಿತ್ತು. ಎಲ್ಲೋ ಬಂದ ನೆರೆಗೆ ನಮ್ಮ ಬಿಸಿಲೂರಿನಲ್ಲಿ ನಾನು ದುಡ್ಡು ತೆತ್ತೆ.

ಮೊದಲ ಪೆಟ್ಟು ಬಿದ್ದದ್ದು 2015ರ ಮೇ ತಿಂಗಳಲ್ಲಿ. ಕರೆಂಟು ಹೋಗಿ ಬಂದ ಒಂದು ಮಧ್ಯಾಹ್ನ ಟಪ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ರಿಪೇರಿ ಹುಡುಗ ಕಂಪ್ಯೂಟರಿಗೆ ಕರೆಂಟು ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದ: "ಕೆಪಾಸಿಟರ್ ಹೊಟ್ಟಿ ಉಬ್ಯಾವ ನೋಡ್ರಿ ಕಾಕಾ." ಕ್ಯಾಬಿನೆಟ್ ಜೊತೆ ಬಂದಿದ್ದ ಅಗ್ಗದ ಎಸ್‌ಎಂಪಿಎಸ್ ಅದು. ಮೇಲೆ 450 ವ್ಯಾಟ್ ಎಂದು ಬರೆದಿತ್ತು, ಕೈಯಲ್ಲಿ ಹಿಡಿದರೆ ತೂಕವೇ ಇರಲಿಲ್ಲ. ಬೋರ್ಡು ಉಳಿದದ್ದು ಪುಣ್ಯ. ಒಳ್ಳೆಯ ಕಂಪನಿಯದು 2,100 ಕೊಟ್ಟು ಹಾಕಿಸಿದೆ, ಇವತ್ತಿಗೂ ಅದೇ ಓಡುತ್ತಿದೆ. ನಮ್ಮ ಭಾಗದಲ್ಲಿ ಕಂಪ್ಯೂಟರ್ ಕಟ್ಟಿಸುವವರು ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದರೂ ಸರಿ, ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ.

ಎರಡನೆಯ ಶತ್ರು ಬಿಸಿಲು ಮತ್ತು ದೂಳು. ತಾಪಮಾನ 42 ಡಿಗ್ರಿ ದಾಟಿದ ದಿನಗಳಲ್ಲಿ ಪುಟ ವಿನ್ಯಾಸ ಮಾಡುವ ಪೇಜ್‌ಮೇಕರ್ ತೆರೆದರೆ ಸಾಕು, ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತಿತ್ತು. ಪ್ರೊಸೆಸರ್ ಫ್ಯಾನ್ ತೆಗೆದು ನೋಡಿದರೆ ಬಿಸಿ ಹೀರುವ ಹೀಟ್‌ಸಿಂಕಿನ ಸಂದುಗಳಲ್ಲಿ ದೂಳು ಕಂಬಳಿಯ ಹಾಗೆ ಕೂತಿತ್ತು. ಅದರ ಕೆಳಗೆ ಬಿಸಿ ಸಾಗಿಸಲು ಹಚ್ಚಿದ್ದ ಪೇಸ್ಟು ವಿಭೂತಿ ಗಟ್ಟಿಯಂತೆ ಒಣಗಿ, ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. ನೂರು ರೂಪಾಯಿಯ ಪೇಸ್ಟು, ಒಂದು ಪೇಂಟ್ ಬ್ರಶ್ಶು, ಅರ್ಧ ತಾಸು. ಅಂದಿನಿಂದ ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಈ ಕೆಲಸ ತಪ್ಪಿಸಿಲ್ಲ.

2019ರಲ್ಲಿ, ತಿರುಗುವ ತಟ್ಟೆಯ ಬದಲು ಬರೀ ಚಿಪ್‌ಗಳಿರುವ ಡಿಸ್ಕ್, 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆ, 2,300 ರೂಪಾಯಿ. ಪುಟಕ್ಕೆ 25ರ ಕಾಲ, 92 ಪುಟ. ಒಂದು ಪ್ರಬಂಧದ ಅರ್ಧ ಕೆಲಸವೂ ಅಲ್ಲ. ಮೊದಲು ಸ್ವಿಚ್ ಹಾಕಿ, ಕಸ ಗುಡಿಸಿ, ಊದಿನಕಡ್ಡಿ ಹಚ್ಚಿ ಬಂದರೂ ವಿಂಡೋಸ್ ತಿರುಗುತ್ತಲೇ ಇರುತ್ತಿತ್ತು. ಎಸ್‌ಎಸ್‌ಡಿ ಬಂದ ಮೇಲೆ ಕುರ್ಚಿ ಎಳೆದು ಕೂರುವಷ್ಟರಲ್ಲಿ ತಯಾರು. ಎಚ್61 ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕಿಂಡಿ ಹಳೆಯ ಕಾಲದ್ದು, ಎಸ್‌ಎಸ್‌ಡಿಯ ಪೂರ್ತಿ ವೇಗ ಇದರಲ್ಲಿ ಸಿಗುವುದಿಲ್ಲ. ಆದರೂ ಹದಿಮೂರು ವರ್ಷದಲ್ಲಿ ನಾನು ಕೊಟ್ಟ ದುಡ್ಡಿಗೆ ಇಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ. ಮೆಮೊರಿ ಕೋಶಗಳನ್ನು ಮಹಡಿ ಮೇಲೆ ಮಹಡಿಯಾಗಿ ಪೇರಿಸುವ ವಿಧಾನ ಬಂದ ಮೇಲೆ ಇವುಗಳ ಬೆಲೆ ನಮ್ಮಂಥವರ ಕೈಗೆಟುಕಿತು.

ರ‍್ಯಾಮಿನದು ಬೇರೆಯೇ ಕಥೆ. 2012ರಲ್ಲಿ 4 ಜಿಬಿಗೆ 1,200 ಕೊಟ್ಟಿದ್ದೆ. 2017ರಲ್ಲಿ ಇನ್ನೊಂದು 4 ಜಿಬಿ ಕೇಳಿದರೆ 2,200 ಅಂದರು! ಐದು ವರ್ಷ ಕಳೆದ ಮೇಲೆ ಬೆಲೆ ಏರುತ್ತದೆಂದು ನಾನು ಎಣಿಸಿರಲಿಲ್ಲ. ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಹೆಚ್ಚಿನ ಪಾಲು ತಯಾರಿಸುವವರು ಈ ಮೂವರೇ. ಅವರ ಗಮನ ಬೇರೆ ಕಡೆ ಹೋದರೆ ಇಲ್ಲಿ ತುಟ್ಟಿಯಾಗುತ್ತದೆ. ಈಗ ನಡೆದಿರುವುದೂ ಅದೇ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿವೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಶ್ರಾವಣದಲ್ಲಿ ನಾಲ್ಕೂವರೆ ಸಾವಿರ ಹೇಳಿದ್ದ 16 ಜಿಬಿಯ ಹೊಸ ಮಾದರಿಯ ಡಿಡಿಆರ್5 ರ‍್ಯಾಮಿಗೆ ಸಂಕ್ರಮಣದ ಹೊತ್ತಿಗೆ ಅದೇ ಅಂಗಡಿಯಲ್ಲಿ 12,500.

ಹೊಸದು ಬೇಕೇ ಆಗಿತ್ತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ 8ನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು, ನನ್ನದು 2ನೆಯದು. ಎಲ್ಲ ಹೊಸದು ಕಟ್ಟಿಸಲು 45,000 ಲೆಕ್ಕ ಕೊಟ್ಟರು. ಈಗ ಪುಟಕ್ಕೆ 30, ಅಂದರೆ 1,500 ಪುಟ. ನಾನು ಈ ಕಸುಬಿಗೆ ಬಂದ ಮೇಲೆ ಪುಟದ ಲೆಕ್ಕ ಮೇಲಕ್ಕೆ ಹೋದದ್ದು ಇದೇ ಮೊದಲು. ಮನಸ್ಸು ಒಪ್ಪಲಿಲ್ಲ. ರೈಲು ಹತ್ತಿ ಸಿಕಂದರಾಬಾದಿನ ಕಂಪ್ಯೂಟರ್ ಪೇಟೆ ಸಿ.ಟಿ.ಸಿ.ಗೆ ಹೋಗಿ, ಆಫೀಸಿನಿಂದ ಬಂದ ಹಳೆಯ 8ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮಿನದು 15,600ಕ್ಕೆ ತಂದೆ. 520 ಪುಟ. ಮಾನಿಟರ್ ಹಳೆಯದೇ, 2012ರದ್ದು, ಪರದೆಯ ಒಂದು ಚುಕ್ಕೆಯೂ ಸತ್ತಿಲ್ಲ.

ಹಳೆಯ ಐ3ಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಮಾನಿಟರ್ ಹಚ್ಚಿ, ನೆಟ್ ತೆಗೆದು ಮೂಲೆಯ ಮೇಜಿಗೆ ಹಾಕಿದ್ದೇನೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪೇಜ್‌ಮೇಕರ್ ಫೈಲುಗಳೆಲ್ಲ ಅದರಲ್ಲೇ ಇವೆ. ಅಣ್ಣನ ಲಗ್ನಪತ್ರಿಕೆ ಮಾಡಿಸಿದ ಮನೆಯವರು ತಮ್ಮನದ್ದನ್ನೂ ಅದೇ ಮಾದರಿಯಲ್ಲಿ ಕೇಳಿಕೊಂಡು ಬರುತ್ತಾರೆ. ಈ ಸಲದ ಪೇಸ್ಟ್ ತಂದಿಟ್ಟಿದ್ದೇನೆ, ಬಿಸಿಲೇರುವ ಮುಂಚೆ ಫ್ಯಾನ್ ಬಿಚ್ಚಬೇಕು.